ಪ್ಯಾಲೆಸ್ಟೀನನ್ನು ಮಕ್ಕಳಿಗೆ ಹೇಗೆ ಹೇಳುವುದು?

ಇತಿಹಾಸದ ಪಠ್ಯಪುಸ್ತಕವೆಂದರೆ ಒಂದೇ ದನಿಯಲ್ಲಿ ಮಾತನಾಡುವ ಪುಸ್ತಕ ಎಂದು ನಾವೆಲ್ಲ ನಂಬಿದ್ದೇವೆ. ಯಾರು ಗೆದ್ದರು, ಯಾರು ಸೋತರು, ನ್ಯಾಯ ಯಾರ ಕಡೆಗಿತ್ತು ಎಂಬುದನ್ನೆಲ್ಲ ಅದು ಮೊದಲೇ ತೀರ್ಮಾನಿಸಿರುತ್ತದೆ; ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿದರೆ ಸಾಕು. ಈ ಶತಮಾನದ ಆರಂಭದಲ್ಲಿ ಇದಕ್ಕೆ ತೀರ ವಿರುದ್ಧವಾದ ಪಠ್ಯಪುಸ್ತಕವೊಂದು ಸಿದ್ಧವಾಯಿತು. ಅದರ ಪುಟದಲ್ಲಿ ಮೂರು ಭಾಗಗಳು. ಒಂದು ಭಾಗದಲ್ಲಿ ಇಸ್ರೇಲಿಗಳು ಹೇಳಿಕೊಳ್ಳುವ ಚರಿತ್ರೆ. ಇನ್ನೊಂದರಲ್ಲಿ ಅದೇ ಘಟನೆಯನ್ನು ಕುರಿತು ಪ್ಯಾಲೆಸ್ಟೀನಿಯರು ಹೇಳಿಕೊಳ್ಳುವ ಚರಿತ್ರೆ. ಮೂರನೆಯ ಭಾಗ ಖಾಲಿ. ಅಲ್ಲಿ ಬರೆಯಬೇಕಾದವನು ವಿದ್ಯಾರ್ಥಿ.

ಈ ಪುಸ್ತಕವನ್ನು ರೂಪಿಸಿದ್ದು ಬೆತ್ಲೆಹೆಮ್ ಸಮೀಪದ ಬೇತ್ ಜಾಲಾದಲ್ಲಿ 1998ರಲ್ಲಿ ಆರಂಭವಾದ, ‘ಪ್ರೈಮ್’ ಎಂಬ ಹ್ರಸ್ವನಾಮದ ಶಾಂತಿ ಸಂಶೋಧನಾ ಸಂಸ್ಥೆ. ಅದರ ಹಿಂದಿದ್ದವರು ಇಬ್ಬರು ಪ್ರಾಧ್ಯಾಪಕರು: ಇಸ್ರೇಲಿನ ಮನಶ್ಶಾಸ್ತ್ರಜ್ಞ ಡಾನ್ ಬಾರ್-ಆನ್ ಮತ್ತು ಬೆತ್ಲೆಹೆಮ್ ವಿಶ್ವವಿದ್ಯಾಲಯದ ಶಿಕ್ಷಣತಜ್ಞ ಸಾಮಿ ಅದ್ವಾನ್. ಎರಡೂ ಕಡೆಯ ಪ್ರೌಢಶಾಲಾ ಇತಿಹಾಸ ಶಿಕ್ಷಕರನ್ನು ಅವರು ಒಂದೇ ಮೇಜಿನ ಸುತ್ತ ಕೂರಿಸಿದರು. ಅದು ಎರಡನೆಯ ಇಂತಿಫಾದಾದ ಕಾಲ. ಒಂದು ಕಡೆ ಆತ್ಮಾಹುತಿ ಬಾಂಬುಗಳು, ಇನ್ನೊಂದು ಕಡೆ ಕರ್ಫ್ಯೂ ಮತ್ತು ತಪಾಸಣಾ ಠಾಣೆಗಳು. ಒಂದು ಸಭೆ ಸೇರಬೇಕಾದರೂ ಪ್ಯಾಲೆಸ್ಟೀನಿ ಶಿಕ್ಷಕರಿಗೆ ಪರವಾನಗಿ ಬೇಕಿತ್ತು. ಅಂಥ ದಿನಗಳಲ್ಲಿ ಕುಳಿತು ಅವರು 1917ರ ಬಾಲ್ಫರ್ ಘೋಷಣೆ, 1948ರ ಯುದ್ಧ ಮತ್ತು 1987ರ ಮೊದಲ ಇಂತಿಫಾದಾ ಎಂಬ ಮೂರು ಅಧ್ಯಾಯಗಳನ್ನು ಬರೆದರು. ಹೀಬ್ರೂ, ಅರಬ್ಬಿ ಎರಡರಲ್ಲೂ ಅವು ಅಚ್ಚಾದವು. ಬಾರ್-ಆನ್ 2008ರಲ್ಲಿ ತೀರಿಕೊಂಡರು. ಬೆಳೆಯುತ್ತ ಹೋದ ಆ ಪುಸ್ತಕದ ಇಂಗ್ಲಿಷ್ ಆವೃತ್ತಿ 2012ರಲ್ಲಿ ನ್ಯೂಯಾರ್ಕಿನಿಂದ ಹೊರಬಂತು.

ಎರಡು ಚರಿತ್ರೆಗಳನ್ನು ಬೆಸೆದು ಒಂದು ಮಾಡುವ ಆಸೆ ಅವರಿಗೆ ಇರಲಿಲ್ಲ. ಸದ್ಯಕ್ಕೆ ಅದು ಸಾಧ್ಯವಿಲ್ಲ ಎಂಬ ತಿಳಿವಳಿಕೆಯಿಂದಲೇ ಅವರು ಹೊರಟಿದ್ದರು. ಪಕ್ಕಪಕ್ಕದಲ್ಲಿಟ್ಟು ಓದಿಸುವುದಷ್ಟೇ ಉದ್ದೇಶ. ಅಷ್ಟೂ ಹೆಚ್ಚಾಯಿತು. 2010ರಲ್ಲಿ ಗಾಜಾ ಗಡಿಗೆ ಹತ್ತಿರದ ಇಸ್ರೇಲಿ ಪ್ರೌಢಶಾಲೆಯೊಂದು ಈ ಪುಸ್ತಕವನ್ನು ಬಳಸುತ್ತಿದೆ ಎಂದು ತಿಳಿದಾಗ ಅಲ್ಲಿನ ಶಿಕ್ಷಣ ಸಚಿವಾಲಯ ಅದನ್ನು ನಿಲ್ಲಿಸಿತು. ಪ್ಯಾಲೆಸ್ಟೀನ್ ಆಡಳಿತವೂ ಪುಸ್ತಕಕ್ಕೆ ತನ್ನ ಶಾಲೆಗಳಲ್ಲಿ ಜಾಗ ಕೊಡಲಿಲ್ಲ. ಬೇರೆ ಯಾವುದರಲ್ಲೂ ಸಮ್ಮತಿಗೆ ಬಾರದ ಎರಡು ಆಡಳಿತಗಳು ತಮ್ಮ ಮಕ್ಕಳು ಎದುರಿನವರ ಪುಟವನ್ನು ಓದಬಾರದು ಎಂಬುದರಲ್ಲಿ ಮಾತ್ರ ಒಂದಾದವು.

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ಪುಸ್ತಕದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನೊಳಕ್ಕೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, 251 ಮಂದಿಯನ್ನು ಒತ್ತೆಯಾಗಿ ಹಿಡಿದೊಯ್ದಿತು. ಅದರ ಬೆನ್ನಿಗೆ ಗಾಜಾದ ಮೇಲೆ ಇಸ್ರೇಲ್ ಸಾರಿದ ಯುದ್ಧದಲ್ಲಿ ಸತ್ತವರ ಸಂಖ್ಯೆ, 2025ರ ಅಕ್ಟೋಬರಿನ ಕದನವಿರಾಮದ ವೇಳೆಗೆ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ 67 ಸಾವಿರ ಮೀರಿತ್ತು. ಈ ಸುದ್ದಿಗಳೆಲ್ಲ ನಮ್ಮ ಹತ್ತನೆಯ ತರಗತಿಗೆ ಬಂದದ್ದು ಪತ್ರಿಕೆಯ ಮೂಲಕವಲ್ಲ, ಮನೆಯವರ ಮೊಬೈಲ್ ಮೂಲಕ. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ತರಗತಿಯಲ್ಲಿ ಎರಡು ಪಕ್ಷಗಳಾಗಿದ್ದವು. ಯಾವ ಮಗು ಯಾವ ಪಕ್ಷ ಎಂಬುದನ್ನು ಹಾಜರಿ ಪುಸ್ತಕದ ಹೆಸರು ನೋಡಿಯೇ ಊಹಿಸಬಹುದಿತ್ತು. ಊಹೆ ಬಹುಪಾಲು ಸರಿಯಾಗುತ್ತಿತ್ತು ಎಂಬುದೇ ನನ್ನನ್ನು ಕಂಗೆಡಿಸಿದ ಸಂಗತಿ.

ಜೆರುಸಲೇಮ್ ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಲಾರದ ಮಕ್ಕಳು ಅದರ ಹೆಸರಿನಲ್ಲಿ ಮಾತು ಬಿಟ್ಟಿದ್ದರು. ಅವರು ಜಗಳವಾಡುತ್ತಿದ್ದುದು ಪ್ಯಾಲೆಸ್ಟೀನಿನ ಬಗ್ಗೆ ಅಲ್ಲವೇ ಅಲ್ಲ. ನಮ್ಮ ಊರಿನ, ನಮ್ಮ ಬೀದಿಯ ಹಳೆಯ ಅನುಮಾನಗಳಿಗೆ ದೂರದ ನಾಡೊಂದರ ರಕ್ತವನ್ನು ಸಾಕ್ಷಿಗೆ ಕರೆಯುತ್ತಿದ್ದರು. ಈ ಪರಿಸ್ಥಿತಿಯಲ್ಲಿ ಶಿಕ್ಷಕನಾದವನು ಏನು ಮಾಡಬೇಕು?

ಸುಲಭದ ದಾರಿಗಳು ಎರಡಿವೆ. ಒಂದು, ತನ್ನ ತೀರ್ಪನ್ನು ಹೇಳಿಬಿಡುವುದು. ಮೇಷ್ಟರ ತೀರ್ಪು ತಮ್ಮ ಮನೆಯ ತೀರ್ಪಿಗೆ ಹೊಂದಿದ ಮಕ್ಕಳು ಗೆದ್ದೆವೆಂದುಕೊಳ್ಳುತ್ತಾರೆ; ಉಳಿದವರು ಮೇಷ್ಟರೂ ಆ ಕಡೆಯವರೇ ಎಂದು ತೀರ್ಮಾನಿಸುತ್ತಾರೆ. ಎರಡನೆಯದು, ಇಬ್ಬರದೂ ತಪ್ಪಿದೆ, ಯುದ್ಧ ಕೆಟ್ಟದ್ದು, ಶಾಂತಿ ಬೇಕು ಎಂದು ನೀತಿಪಾಠದ ಮಾತಾಡಿ ಪುಸ್ತಕ ಮುಚ್ಚುವುದು. ಇದು ಸಭ್ಯವಾಗಿ ಕಾಣುತ್ತದೆ. ಆದರೆ ಏನನ್ನೂ ಕಲಿಸುವುದಿಲ್ಲ. ಬುದ್ಧಿವಂತ ಮಕ್ಕಳು ಇದನ್ನು ಕ್ಷಣಾರ್ಧದಲ್ಲಿ ಗುರುತಿಸುತ್ತಾರೆ.

ಮೂರನೆಯ ದಾರಿಯೊಂದಿದೆ ಎಂದು ನನಗೆ ತೋರಿಸಿಕೊಟ್ಟದ್ದು ಆ ಮೂರು ಭಾಗಗಳ ಪುಟ. ಆದರೆ ಇಡೀ ಸಂಘರ್ಷದ ಚರಿತ್ರೆಯನ್ನು ಹೇಳಲು ನಮ್ಮ ವೇಳಾಪಟ್ಟಿಯಲ್ಲಿ ಜಾಗವೆಲ್ಲಿ? ಸಿಕ್ಕುವುದು ಹೆಚ್ಚೆಂದರೆ ಮೂರು ಪಿರಿಯಡ್. ಆದ್ದರಿಂದ ನಾನು ಒಂದು ಊರನ್ನು ಆರಿಸಿಕೊಂಡೆ: ಹೈಫಾ. ಮೆಡಿಟರೇನಿಯನ್ ದಂಡೆಯಲ್ಲಿ, ಕಾರ್ಮೆಲ್ ಬೆಟ್ಟದ ಬುಡದಲ್ಲಿರುವ ಬಂದರು. ಆಯ್ಕೆಗೆ ಕಾರಣ, ಆ ಊರಿನ ಚರಿತ್ರೆಯಲ್ಲಿ ನಮ್ಮವರೂ ಇದ್ದಾರೆ.

1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಲ್ಯಾನ್ಸರ್ ದಳಗಳು ಕುದುರೆಯೇರಿ, ಈಟಿ ಹಿಡಿದು, ಒಟ್ಟೋಮನ್ ಸೇನೆಯ ಮೆಷಿನ್‌ಗನ್ನುಗಳಿಗೆ ಎದುರಾಗಿ ನುಗ್ಗಿ ಹೈಫಾವನ್ನು ಗೆದ್ದವು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ದಳಗಳ ನೆನಪಿನವು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕವಿದೆ. ದಿನವೂ ಅದರ ಪಕ್ಕದಲ್ಲಿ ಬಸ್ಸಿನಲ್ಲಿ ಹಾದುಹೋಗುವ ಮಕ್ಕಳು ನನ್ನ ತರಗತಿಯಲ್ಲಿದ್ದರು. ಅದೇನೆಂದು ಅವರಿಗೆ ತಿಳಿದಿರಲಿಲ್ಲ.

ಮೊದಲ ಪಿರಿಯಡ್ಡಿನಲ್ಲಿ ಕಪ್ಪು ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: ಮೈಸೂರಿನ ಸವಾರರು ಹೈಫಾಕ್ಕೆ ಏನು ಮಾಡಿದರು? ನಮ್ಮ ಪತ್ರಿಕೆಗಳು ಇದನ್ನು ‘ಹೈಫಾ ವಿಮೋಚನೆ’ ಎಂದು ಬರೆಯುತ್ತವೆ. ಹೈಫಾದ ಮೇಯರ್ ಯೋನಾ ಯಾಹಾವ್ ಕೂಡ, ನಗರವನ್ನು ವಿಮೋಚನೆಗೊಳಿಸಿದವರು ಬ್ರಿಟಿಷರಲ್ಲ, ಭಾರತೀಯರು ಎಂದು ತಮ್ಮ ಊರಿನ ಶಾಲಾ ಪುಸ್ತಕಗಳನ್ನು ತಿದ್ದಲಾಗುತ್ತಿದೆ ಎಂದು 2025ರ ಸೆಪ್ಟೆಂಬರಿನಲ್ಲಿ ಹೇಳಿದರು. ಕೇಳಲು ಹಿತವಾಗಿದೆ. ಆದರೆ ಯಾರ ವಿಮೋಚನೆ? ಆ ದಳಗಳು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಅದಕ್ಕೆ ಹತ್ತು ತಿಂಗಳು ಹಿಂದೆ, 1917ರ ನವೆಂಬರ್ 2ರಂದು, ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫರ್ ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯೊಂದನ್ನು ಕಟ್ಟಿಕೊಡಲು ನೆರವಾಗುವ ಭರವಸೆ ಕೊಟ್ಟಾಗಿತ್ತು. ಇಂಗ್ಲಿಷಿನಲ್ಲಿ ಆ ಭರವಸೆ 67 ಪದಗಳದ್ದು. ಅದನ್ನು ಮಕ್ಕಳಿಗೆ ಪ್ರತಿ ಮಾಡಿಸಿ ಹಂಚಿ, ಇದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಹುಡುಕಿ ಎಂದೆ. ಯಹೂದಿಗಳ ಹೆಸರಿದೆ. 1922ರ ಜನಗಣತಿಯ ವೇಳೆಗೂ ಅವರು ಆ ನಾಡಿನ ಜನಸಂಖ್ಯೆಯಲ್ಲಿ ಶೇಕಡ 11ರಷ್ಟಿದ್ದರು. ಉಳಿದವರೆಲ್ಲ ಅಲ್ಲಿ ‘ಯಹೂದ್ಯೇತರ ಸಮುದಾಯಗಳು’ ಮಾತ್ರ. ಅವರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಚ್ಯುತಿ ಬಾರದಂತೆ ನೋಡಿಕೊಳ್ಳುವ ಮಾತಿದೆ, ರಾಜಕೀಯ ಹಕ್ಕಿನ ಮಾತಿಲ್ಲ.

‘ಸರ್, ಹಾಗಾದರೆ 1857 ಥರ’ ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ. ಅವನ ಮಾತು ಸರಿಯಾಗಿತ್ತು. ಬ್ರಿಟಿಷರ ಪುಸ್ತಕದಲ್ಲಿ ಸಿಪಾಯಿ ದಂಗೆ, ನಮ್ಮ ಪುಸ್ತಕದಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ. ಘಟನೆ ಒಂದೇ, ಹೆಸರಿನಲ್ಲಿಯೇ ತೀರ್ಪು ಅಡಗಿದೆ. ಭಾರತದ ಪ್ರತಿ ವಿದ್ಯಾರ್ಥಿಗೂ ತಿಳಿದಿರುವ ಈ ಸಂಗತಿಯೇ ಪ್ಯಾಲೆಸ್ಟೀನಿನ ಪಾಠದ ಬೀಗದ ಕೈ. 1948ರ ಮೇ 14ರ ಘೋಷಣೆ ಮತ್ತು ಅದರ ಹಿಂದುಮುಂದಿನ ಯುದ್ಧ ಇಸ್ರೇಲಿಗಳಿಗೆ ಸ್ವಾತಂತ್ರ್ಯ ಸಮರ, ಪ್ಯಾಲೆಸ್ಟೀನಿಯರಿಗೆ ‘ನಕ್ಬಾ’, ಅಂದರೆ ಮಹಾವಿಪತ್ತು.

ಎರಡನೆಯ ಪಿರಿಯಡ್ಡಿಗೆ ಅದೇ ಬಂದರಿನ ಎರಡು ದೃಶ್ಯಗಳು. ಮೊದಲನೆಯದು 1947ರ ಜುಲೈ. ಹಿಟ್ಲರನ ಆಳ್ವಿಕೆಯಲ್ಲಿ 60 ಲಕ್ಷ ಯಹೂದಿಗಳ ಕೊಲೆಯಾಗಿ ಎರಡೇ ವರ್ಷವಾಗಿತ್ತು. ಬದುಕುಳಿದವರಲ್ಲಿ ಸುಮಾರು 4,500 ಮಂದಿಯನ್ನು ತುಂಬಿಕೊಂಡು ‘ಎಕ್ಸೋಡಸ್ 1947’ ಎಂಬ ಹಡಗು ಪ್ಯಾಲೆಸ್ಟೀನಿಗೆ ಹೊರಟಿತು. ಬ್ರಿಟಿಷ್ ನೌಕಾದಳ ಅದನ್ನು ಸಮುದ್ರದಲ್ಲೇ ಹಿಡಿದು ಹೈಫಾಕ್ಕೆ ತಂದಿತು. ಅಲ್ಲಿಂದ ಪ್ರಯಾಣಿಕರನ್ನು ಬೇರೆ ಹಡಗುಗಳಿಗೆ ತುಂಬಿ, ಫ್ರಾನ್ಸಿನಲ್ಲಿ ಅವರು ಇಳಿಯಲೊಪ್ಪದಾಗ, ಕಡೆಗೆ ಒಯ್ದು ಇಳಿಸಿದ್ದು ಜರ್ಮನಿಯಲ್ಲಿ. ಯಾವ ನೆಲದಲ್ಲಿ ಅವರ ಬಂಧುಬಳಗ ಬೂದಿಯಾಗಿತ್ತೋ ಅದೇ ನೆಲದಲ್ಲಿ.

ಎರಡನೆಯ ದೃಶ್ಯ ಒಂಬತ್ತು ತಿಂಗಳ ನಂತರದ್ದು. 1948ರ ಏಪ್ರಿಲ್ 21 ಮತ್ತು 22ರಂದು ಯಹೂದಿ ಸೇನಾದಳ ಹಗಾನಾ ಹೈಫಾವನ್ನು ವಶಪಡಿಸಿಕೊಂಡಿತು. ಬಂದರಿನ ಬಳಿಯ ಮಾರುಕಟ್ಟೆಯ ಮೇಲೆ ಮಾರ್ಟರ್ ಗುಂಡುಗಳು ಬಿದ್ದವು. ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ದೋಣಿಗಳತ್ತ ಓಡಿದರು. ಅದೇ ಹೊತ್ತಿಗೆ ಊರಿನ ಯಹೂದಿ ಮೇಯರ್ ಶಬ್ತಾಯ್ ಲೇವಿ ಅರಬ್ ಮುಖಂಡರನ್ನು ಊರು ಬಿಡಬೇಡಿರೆಂದು ಬೇಡಿಕೊಂಡದ್ದೂ ದಾಖಲಾಗಿದೆ. ಅರವತ್ತು ಸಾವಿರಕ್ಕೂ ಹೆಚ್ಚಿದ್ದ ಹೈಫಾದ ಅರಬ್ಬರಲ್ಲಿ ಆ ವಸಂತ ಕಳೆಯುವ ಹೊತ್ತಿಗೆ ಉಳಿದವರು ಕೆಲವೇ ಸಾವಿರ. ಇಡೀ ಪ್ಯಾಲೆಸ್ಟೀನಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಹೋದವರು ಮನೆಯ ಬೀಗದ ಕೈಗಳನ್ನು ಜೊತೆಗೆ ಒಯ್ದರು. ಅವರಿಗೆ ಮರಳಲು ಬಿಡಲಿಲ್ಲ.

ಮೂರನೆಯ ಪಿರಿಯಡ್ಡಿನಲ್ಲಿ ಚೀಟಿ ಎತ್ತಿಸಿದೆ. ಅರ್ಧದಷ್ಟು ಮಕ್ಕಳು ಆ ಹಡಗಿನಲ್ಲಿದ್ದ ಹದಿನೈದರ ಹುಡುಗನ ಅಥವಾ ಹುಡುಗಿಯ ಮಾತಾಗಿ ಬರೆಯಬೇಕು. ಉಳಿದವರು ಆ ದೋಣಿ ಹತ್ತಿದ ಅರಬ್ ಹುಡುಗನ ಅಥವಾ ಹುಡುಗಿಯ ಮಾತಾಗಿ. ಷರತ್ತು ಎರಡು. ಹಲಗೆಯ ಮೇಲಿನ ಯಾವ ಸಂಗತಿಯನ್ನೂ ಸುಳ್ಳು ಮಾಡಬಾರದು. ಮತ್ತು ಯಾರ ಪರವಾಗಿ ಬರೆಯುತ್ತೀರೋ ಅವರು ಓದಿದರೆ ‘ಹೌದು, ನನ್ನ ಮಾತು ಇದೇ’ ಎನ್ನುವಂತಿರಬೇಕು.

ಚೀಟಿಗೆ ಹಾಜರಿ ಪುಸ್ತಕದ ಹಂಗಿಲ್ಲ. ಪ್ಯಾಲೆಸ್ಟೀನಿನ ಬಾವುಟವನ್ನು ನೋಟ್‌ಬುಕ್ಕಿನ ಹೊದಿಕೆಯ ಮೇಲೆ ಬಿಡಿಸಿಕೊಂಡಿದ್ದ ಹುಡುಗನಿಗೆ ಹಡಗು ಬಂತು. ಅವನು ಬಹಳ ಹೊತ್ತು ಪೆನ್ನು ಕಚ್ಚುತ್ತ ಕುಳಿತ. ಆಮೇಲೆ ಎದ್ದು ಬಂದು, ಜರ್ಮನಿಗೇ ಏಕೆ ವಾಪಸು ಕಳಿಸಿದರು, ಬೇರೆ ಯಾವ ದೇಶವೂ ಇವರನ್ನು ಕರೆದುಕೊಳ್ಳಲಿಲ್ಲವೇ ಎಂದು ಕೇಳಿದ. ಇಸ್ರೇಲಿನ ಸೇನೆಯ ಸಾಹಸದ ವಿಡಿಯೊಗಳನ್ನು ಗೆಳತಿಯರಿಗೆ ತೋರಿಸುತ್ತಿದ್ದ ಹುಡುಗಿಗೆ ದೋಣಿ ಬಂತು. ಅವಳ ಪ್ರಶ್ನೆ ಇನ್ನೂ ಸಣ್ಣದು: ‘ಸರ್, ಬೀಗ ಹಾಕಿಕೊಂಡು ಹೋದರು ಅಂದರೆ ವಾಪಸ್ ಬರುತ್ತೀವಿ ಅಂತಲೇ ತಾನೇ?’ ಮೂರು ಪಿರಿಯಡ್ಡಿನಲ್ಲಿ ಯಾರೂ ಪಕ್ಷ ಬದಲಿಸಲಿಲ್ಲ. ಬದಲಿಸಲಿ ಎಂದು ನಾನೂ ಬಯಸಿರಲಿಲ್ಲ. ಆದರೆ ಆ ಎರಡು ಪ್ರಶ್ನೆಗಳು ಯಾವ ಮೊಬೈಲಿನಿಂದಲೂ ಬಂದವಲ್ಲ. ಅವು ಮಕ್ಕಳವೇ.

ಈ ವಿಧಾನಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ಸಮ ಎಂಬ ಭ್ರಮೆ ಹುಟ್ಟುವುದಿಲ್ಲವೇ? ಒಂದು ಕಡೆ ಬಲಿಷ್ಠ ಸೇನೆಯುಳ್ಳ ರಾಜ್ಯ, ಇನ್ನೊಂದು ಕಡೆ 1967ರಿಂದ ಸೇನಾ ಆಕ್ರಮಣದಡಿ ಬದುಕುತ್ತಿರುವ ಜನ. ಇವರನ್ನು ಸಮಾನ ಅಳತೆಯ ಕಾಲಂಗಳಲ್ಲಿ ಕೂರಿಸುವುದೇ ಅನ್ಯಾಯವಲ್ಲವೇ? ಇದಕ್ಕೆ ಎದುರಾದ ಆಕ್ಷೇಪವೂ ಇದೆ: ಒತ್ತೆಯಾಳುಗಳನ್ನು ಹಿಡಿದವರ ಕಥೆಗೂ ಒತ್ತೆಯಾದವರ ಕಥೆಗೂ ಒಂದೇ ಅಳತೆಯ ಜಾಗವೇ?

ಎರಡನ್ನೂ ನಾನು ತಳ್ಳಿಹಾಕುವುದಿಲ್ಲ. ಉತ್ತರ ಇಷ್ಟೇ: ಕಥೆ ಎರಡಿರಬಹುದು, ಸಂಗತಿ ಎರಡಿರಲಾರದು. 1948ರ ಏಪ್ರಿಲ್ 9ರಂದು ದೇರ್ ಯಾಸೀನ್ ಎಂಬ ಹಳ್ಳಿಯಲ್ಲಿ ಯಹೂದಿ ಸಶಸ್ತ್ರ ಗುಂಪುಗಳು ನೂರಕ್ಕೂ ಹೆಚ್ಚು ಗ್ರಾಮಸ್ಥರನ್ನು ಕೊಂದದ್ದು ಅಭಿಪ್ರಾಯವಲ್ಲ. ನಾಲ್ಕು ದಿನಗಳ ನಂತರ ಜೆರುಸಲೇಮಿನ ಹದಸ್ಸಾ ಆಸ್ಪತ್ರೆಗೆ ಹೊರಟಿದ್ದ ವೈದ್ಯರು, ದಾದಿಯರ ವಾಹನಗಳ ಮೇಲೆ ಅರಬ್ ಪಡೆಗಳು ಎರಗಿ ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಅಭಿಪ್ರಾಯವಲ್ಲ. ಆ ಯುದ್ಧದಲ್ಲಿ ಸುಮಾರು ಆರು ಸಾವಿರ ಯಹೂದಿಗಳು, ಅಂದರೆ ಅವರ ಜನಸಂಖ್ಯೆಯ ಶೇಕಡ ಒಂದರಷ್ಟು, ಸತ್ತರು. ಮುಂದಿನ ದಶಕಗಳಲ್ಲಿ ಅರಬ್ ದೇಶಗಳಿಂದ ಸುಮಾರು ಎಂಟು ಲಕ್ಷ ಯಹೂದಿಗಳು ಹೊರಟುಬಂದರು. ಇವೆಲ್ಲ ಹಲಗೆಯ ಮೇಲೆ ಬರಬೇಕು, ಅಳಿಸುವಂತಿಲ್ಲ. ಯಾರ ಕೈಯಲ್ಲಿ ಎಷ್ಟು ಬಲವಿತ್ತು ಎಂಬುದೂ ಸಂಗತಿಯೇ; ಅದೂ ಹಲಗೆಯ ಮೇಲೆ ಬರಬೇಕು. ಅದರ ನಂತರವಷ್ಟೇ ನ್ಯಾಯದ ಪ್ರಶ್ನೆ. ಮೂರನೆಯ ಖಾಲಿ ಜಾಗದಲ್ಲಿ ವಿದ್ಯಾರ್ಥಿ ಒಂದು ಕಡೆಗೆ ನಿಲ್ಲಬಹುದು, ನಿಲ್ಲಲೂಬೇಕು. ಆದರೆ ಎರಡನ್ನೂ ಓದಿ ನಿಲ್ಲಬೇಕು.

ನಮ್ಮ ದೇಶವೇ ಈ ವಿಷಯದಲ್ಲಿ ಒಂದೇ ಕಡೆ ನಿಂತಿಲ್ಲ ಎಂಬುದೂ ಮಕ್ಕಳಿಗೆ ತಿಳಿಯಬೇಕು. 1947ರಲ್ಲಿ ವಿಶ್ವಸಂಸ್ಥೆ ನೇಮಿಸಿದ ಹನ್ನೊಂದು ರಾಷ್ಟ್ರಗಳ ಸಮಿತಿಯಲ್ಲಿ ಭಾರತವಿತ್ತು. ಇರಾನ್ ಮತ್ತು ಯುಗೊಸ್ಲಾವಿಯಾ ಜೊತೆ ಸೇರಿ ಅದು ದೇಶ ವಿಭಜನೆ ಬೇಡ, ಒಕ್ಕೂಟವಿರಲಿ ಎಂಬ ಅಲ್ಪಮತದ ಯೋಜನೆಯನ್ನು ಮುಂದಿಟ್ಟಿತು. ನವೆಂಬರ್ 29ರಂದು ವಿಭಜನೆಯ ಪರ 33, ವಿರುದ್ಧ 13 ಮತಗಳು ಬಿದ್ದಾಗ ಭಾರತದ ಮತ ವಿರುದ್ಧವಾಗಿತ್ತು. ನಮ್ಮದೇ ವಿಭಜನೆಯ ಗಾಯಕ್ಕೆ ಆಗ ಮೂರೂವರೆ ತಿಂಗಳು. 1950ರಲ್ಲಿ ಇಸ್ರೇಲನ್ನು ಮಾನ್ಯ ಮಾಡಿದೆವು. 1988ರಲ್ಲಿ ಪ್ಯಾಲೆಸ್ಟೀನ್ ರಾಜ್ಯವನ್ನು ಮಾನ್ಯ ಮಾಡಿದೆವು. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದೆವು. ಇದರಲ್ಲಿ ತತ್ವವೆಷ್ಟು, ಹಿತಾಸಕ್ತಿಯೆಷ್ಟು ಎಂದು ಹತ್ತನೆಯ ತರಗತಿಯ ಮಕ್ಕಳು ಚೆನ್ನಾಗಿಯೇ ಚರ್ಚಿಸಬಲ್ಲರು.

ಬೇರೆಡೆಯ ಅನುಭವವೂ ಗಮನಾರ್ಹ. ಇಸ್ರೇಲಿನಲ್ಲಿ ಅರಬ್ ಮಕ್ಕಳ ಮೂರನೆಯ ತರಗತಿಯ ಪುಸ್ತಕದಲ್ಲಿ ‘ನಕ್ಬಾ’ ಎಂಬ ಪದಕ್ಕೆ 2007ರಲ್ಲಿ ಶಿಕ್ಷಣ ಸಚಿವೆ ಯೂಲಿ ತಮೀರ್ ಒಪ್ಪಿಗೆ ಕೊಟ್ಟರು. 2009ರಲ್ಲಿ ಬಂದ ಸಚಿವ ಗಿದಿಯೋನ್ ಸಾಅರ್ ಅದನ್ನು ತೆಗೆಸಿದರು. ಪ್ಯಾಲೆಸ್ಟೀನಿ ಪಠ್ಯಗಳಲ್ಲಿ ಯಹೂದಿಗಳ ನರಮೇಧಕ್ಕೆ ಹೆಚ್ಚುಕಡಿಮೆ ಜಾಗವೇ ಇಲ್ಲ. ಎರಡೂ ಕಡೆಯ ಪಠ್ಯಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಇಸ್ರೇಲಿನ ಡೇನಿಯಲ್ ಬಾರ್-ತಾಲ್, ಅಮೆರಿಕದ ಬ್ರೂಸ್ ವೆಕ್ಸ್ಲರ್ ಮತ್ತು ಮೇಲೆ ಹೇಳಿದ ಸಾಮಿ ಅದ್ವಾನ್ ಅದರ ನೇತೃತ್ವ ವಹಿಸಿದ್ದರು. ಎದುರಿನವರನ್ನು ಮನುಷ್ಯರೇ ಅಲ್ಲವೆಂದು ಚಿತ್ರಿಸುವ ಮಾತು ಎರಡೂ ಕಡೆ ಅಪರೂಪ ಎಂಬುದು ಅವರು ಕಂಡ ಸಮಾಧಾನದ ಸಂಗತಿ. ಇಸ್ರೇಲಿನ ಸರ್ಕಾರಿ ಶಾಲೆಗಳ ಪುಸ್ತಕಗಳಲ್ಲಿ ಆತ್ಮವಿಮರ್ಶೆ ತುಸು ಹೆಚ್ಚು ಎಂದೂ ಅವರು ಗುರುತಿಸಿದರು. ಆದರೆ ಎರಡೂ ಕಡೆಯ ಬಹುಪಾಲು ಭೂಪಟಗಳಲ್ಲಿ ಎದುರಿನವರಿಗೆ ಹೆಸರಾಗಲಿ ಗಡಿಯಾಗಲಿ ಇರಲಿಲ್ಲ. ದ್ವೇಷದ ಮಾತಿಗಿಂತ ಈ ಮೌನ ಅಪಾಯಕಾರಿ. ಬೈಗುಳಕ್ಕೆ ಮಗು ಎದುರು ಪ್ರಶ್ನೆ ಕೇಳಬಹುದು. ಭೂಪಟದಲ್ಲಿ ಇಲ್ಲದ್ದನ್ನು ಕುರಿತು ಕೇಳುವುದಾದರೂ ಏನನ್ನು?

ಸಂಘರ್ಷದಿಂದ ದೂರವಿರುವ ಬ್ರಿಟನ್ನಿನಲ್ಲೂ ಪಾಠ ಸಲೀಸಾಗಿಲ್ಲ. ಅಲ್ಲಿ ಪಿಯರ್ಸನ್ ಪ್ರಕಾಶನದ ಎರಡು ಶಾಲಾ ಪುಸ್ತಕಗಳು ಇಸ್ರೇಲ್ ವಿರೋಧಿಯಾಗಿವೆ ಎಂದು ಒಂದು ಕಡೆಯವರು ದೂರಿದರು. ಪುಸ್ತಕಗಳು ತಿದ್ದುಪಡಿಯಾದವು. ತಿದ್ದಿದ ಪುಸ್ತಕಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಿದ ಇಬ್ಬರು ಪ್ರಾಧ್ಯಾಪಕರು, ನೂರಾರು ಬದಲಾವಣೆಗಳು ಇಸ್ರೇಲಿನ ಪರವಾಗಿಯೇ ಆಗಿವೆ ಎಂದು 2021ರಲ್ಲಿ ವರದಿ ಕೊಟ್ಟರು. ಕಡೆಗೆ ಪ್ರಕಾಶಕರು ಪುಸ್ತಕಗಳನ್ನೇ ಹಿಂತೆಗೆದುಕೊಂಡರು. ಇದನ್ನು ಕಂಡ ಶಿಕ್ಷಕ ತಂಟೆಯಿಲ್ಲದ ಬೇರೆ ಅಧ್ಯಾಯವನ್ನು ಆರಿಸಿಕೊಂಡರೆ ಅವನನ್ನು ದೂರುವಂತಿಲ್ಲ. ಅದೇ ದೇಶದಲ್ಲಿ ಮೈಕೆಲ್ ಡೇವಿಸ್ ಎಂಬ ಇತಿಹಾಸ ಶಿಕ್ಷಕ ‘ಪ್ಯಾರಲಲ್ ಹಿಸ್ಟರೀಸ್’ ಎಂಬ ಸಂಸ್ಥೆ ಕಟ್ಟಿ, ಮಕ್ಕಳು ಮೊದಲು ಒಂದು ಪಕ್ಷದ ಪರ, ಆಮೇಲೆ ಸ್ಥಾನ ಬದಲಿಸಿ ಇನ್ನೊಂದು ಪಕ್ಷದ ಪರ ಮೂಲ ದಾಖಲೆಗಳನ್ನಿಟ್ಟುಕೊಂಡು ವಾದಿಸುವ ಪದ್ಧತಿಯನ್ನು ಬೆಳೆಸಿದ್ದಾರೆ. ಪುಸ್ತಕವನ್ನು ತಿದ್ದಿ ಎಲ್ಲರನ್ನೂ ಮೆಚ್ಚಿಸಲು ಹೊರಡುವುದಕ್ಕಿಂತ ಇದು ವಿವೇಕದ ದಾರಿ.

ಇಷ್ಟೆಲ್ಲ ಹೇಳುವಾಗ ಒಂದನ್ನು ಮರೆಯಬಾರದು. ಗಾಜಾದಲ್ಲಿ 2023ರ ಅಕ್ಟೋಬರಿನಿಂದ ಶಾಲೆಗಳು ಮುಚ್ಚಿದಾಗ ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ಓದು ನಿಂತಿತು. ನಮ್ಮ ಪಿಯುಸಿಗೆ ಸಮನಾದ ‘ತೌಜಿಹಿ’ ಪರೀಕ್ಷೆಗೆ 2024ರಲ್ಲಿ ಅಲ್ಲಿನ ಸುಮಾರು 39 ಸಾವಿರ ವಿದ್ಯಾರ್ಥಿಗಳು ಕೂರಲಾಗಲಿಲ್ಲ. ಶಾಲಾ ಕಟ್ಟಡಗಳು ನಿರಾಶ್ರಿತರ ಬೀಡುಗಳಾದವು, ಅನೇಕವು ಗುರಿಗಳೂ ಆದವು. ಗಡಿಯ ಈಚೆಗಿನ ಇಸ್ರೇಲಿ ಕಿಬುತ್ಸ್‌ಗಳ ಮಕ್ಕಳು ಅಕ್ಟೋಬರ್ 7ರ ನಂತರ ತಿಂಗಳುಗಟ್ಟಲೆ ಊರು ಬಿಟ್ಟು ಬೇರೆಡೆ ಓದಿದರು. ಮೂರು ಭಾಗಗಳ ಆ ಪುಸ್ತಕವನ್ನು ಓದಬೇಕಾದ ಮಕ್ಕಳಿಗೆ ಓದುವ ನೆಮ್ಮದಿಯಿಲ್ಲ. ನೆಮ್ಮದಿ ಇರುವ ನಮ್ಮ ಮಕ್ಕಳಿಗೆ ಓದಿಸುವ ಮನಸ್ಸಿಲ್ಲ.

ಪಾಠ ಮುಗಿದ ವಾರದಲ್ಲಿ ಪೋಷಕರೊಬ್ಬರು ಬಂದು ಕೇಳಿದರು: ‘ಸರ್, ಮಗಳಿಗೆ ಎಸ್ಸೆಸ್ಸೆಲ್ಸಿ. ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ?’ ಬರುವುದಿಲ್ಲ ಎಂದೆ. ಇನ್ನೊಬ್ಬರು ದನಿ ತಗ್ಗಿಸಿ, ತಾವು ಯಾವ ಕಡೆ ಎಂದು ವಿಚಾರಿಸಿದರು. ಮಗನ ನೋಟ್‌ಬುಕ್ ತೆಗೆದು ಅವನು ಬರೆದದ್ದನ್ನು ಓದಲು ಕೊಟ್ಟೆ. ಅವರು ಪೂರ್ತಿ ಓದಿ, ಪುಸ್ತಕ ಹಿಂದಿರುಗಿಸಿ, ಬೇರೇನೂ ಕೇಳದೆ ನಮಸ್ಕಾರ ಹೇಳಿ ಹೋದರು. ಮನೆಯಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ.

ದೂರದ ಜಗಳದ ಪಾಠದಿಂದ ನಮಗೇನು ಎನ್ನುವವರಿಗೆ ಹತ್ತಿರದ ಒಂದು ಉದಾಹರಣೆ. ನವೆಂಬರ್ 1 ನಮಗೆ ರಾಜ್ಯೋತ್ಸವ. ಅದೇ ದಿನ ಬೆಳಗಾವಿಯಲ್ಲಿ ಎಂಇಎಸ್ ಕರಾಳ ದಿನ ಆಚರಿಸುತ್ತದೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇದನ್ನು ಹೈಫಾಕ್ಕೆ ಹೋಲಿಸುತ್ತಿಲ್ಲ. ಹಾಗೆ ಹೋಲಿಸುವುದು ಅಲ್ಲಿ ಸತ್ತವರಿಗೆ ಮಾಡುವ ಅವಮಾನ. ಕೇಳುವುದಿಷ್ಟು: ಬೆಳಗಾವಿಯ ಮರಾಠಿ ಭಾಷಿಕನೊಬ್ಬ ಓದಿ ‘ಹೌದು, ನನ್ನ ವಾದ ಇದೇ’ ಎನ್ನುವಂತೆ ಅವನ ವಾದವನ್ನು ಬರೆಯಬಲ್ಲ ಕನ್ನಡದ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆ? ಬರೆದ ಮಾತ್ರಕ್ಕೆ ಬೆಳಗಾವಿಯನ್ನು ಬಿಟ್ಟುಕೊಟ್ಟಂತಾಗುವುದಿಲ್ಲ. ಎದುರಾಳಿಯ ವಾದವನ್ನು ಅರಿತು ಅದಕ್ಕೆ ಉತ್ತರ ಕೊಡುವವನ ನಿಲುವು, ಅರಿಯದೆ ಕೂಗುವವನ ನಿಲುವಿಗಿಂತ ಗಟ್ಟಿ. ಕನ್ನಡದ ಹುಡುಗನಿಗೆ ಇದು ಎಷ್ಟು ಕಷ್ಟವೆಂದು ಬಲ್ಲವರಿಗೆ, ಬೇತ್ ಜಾಲಾದಲ್ಲಿ ಸೇರಿದ ಆ ಶಿಕ್ಷಕರ ಕೆಲಸ ಎಂಥದ್ದೆಂದು ಅರ್ಥವಾದೀತು.

ಇದಕ್ಕೆ ಹೊಸ ಪಠ್ಯಕ್ರಮ ಬೇಕಿಲ್ಲ, ಸುತ್ತೋಲೆ ಬೇಕಿಲ್ಲ. ಮೂರು ಪಿರಿಯಡ್, ಒಂದು ಕಪ್ಪು ಹಲಗೆ, ಒಂದಿಷ್ಟು ಚೀಟಿ ಸಾಕು. ಸಂಗತಿಗಳನ್ನು ತಪ್ಪಿಲ್ಲದೆ ಬರೆಯುವ ಶ್ರಮ ಶಿಕ್ಷಕನದು. ತೀರ್ಪನ್ನು ಮಕ್ಕಳು ಬರೆದು ಮುಗಿಸುವವರೆಗೆ ತಡೆದುಕೊಳ್ಳುವ ಸಂಯಮವೂ ಅವನದೇ. ಮುಂದಿನ ವರ್ಷದ ಮಕ್ಕಳನ್ನು ಮೊದಲು ಜೆ.ಸಿ. ನಗರದ ಸ್ಮಾರಕದ ಬಳಿಗೆ ಕರೆದೊಯ್ಯಬೇಕೆಂದಿದ್ದೇನೆ. ನಮ್ಮ ಸವಾರರ ನೆನಪಿನ ಕಲ್ಲಿನ ಎದುರು ನಿಂತೇ ಕೇಳಬೇಕಾದ ಪ್ರಶ್ನೆ ಒಂದಿದೆ: ಅಂದು ಹೈಫಾದ ಬೀದಿಯಲ್ಲಿ ನಿಂತು ಇವರನ್ನು ನೋಡಿದ ಹುಡುಗನಿಗೆ ಇವರು ಯಾರಾಗಿ ಕಂಡಿರಬಹುದು?